ಒಂಬತ್ತನೇ ನಿಯಮದ ಸೊನ್ನೆ

ನೀರು ಶುದ್ಧೀಕರಣ ಘಟಕದ ಕೆಮಿಸ್ಟಮ್ಮ ಕೂತಿದ್ದನ್ನು ಕಂಡವರು ಕಡಿಮೆ. ಪ್ರಯೋಗಾಲಯದಲ್ಲಿ ಅವಳಿಗೊಂದು ಕುರ್ಚಿ ಇತ್ತು. ಅದರ ಮೇಲೆ ಅವಳ ಕೈಚೀಲ ಕೂತಿರುತ್ತಿತ್ತು. ಎರಡು ಗಂಟೆಗೊಮ್ಮೆ ನೀರಿನ ಮಾದರಿ ತರಬೇಕು, ಎಷ್ಟು ಕದಡಿದೆ ನೋಡಬೇಕು, ಕ್ಲೋರಿನ್ ಎಷ್ಟಿದೆ ಅಳೆಯಬೇಕು, ಬರೆದಿಡಬೇಕು. ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಇದೇ. ಒಂದು ಮಾದರಿಗೂ ಇನ್ನೊಂದಕ್ಕೂ ನಡುವೆ ಸಿಗುವ ಬಿಡುವಿನಲ್ಲಿ ಬೇರೆಯವರು ಚಹಾ ಕುಡಿದರೆ, ಅವಳು ಮರಳಿನ ತೊಟ್ಟಿಗಳ ಸುತ್ತ ನಡೆಯುತ್ತಿದ್ದಳು. ಬಾಗಿಲ ಮೇಲಿನ ಫಲಕ ಓರೆಯಾಗಿದ್ದರೆ ನೆಟ್ಟಗೆ ಮಾಡುತ್ತಿದ್ದಳು. ಯಾರಾದರೂ ಸೀಸೆಯ ಮೇಲೆ ‘೩/೪’ ಎಂದು ಬರೆದಿಟ್ಟಿದ್ದರೆ, ಬರೆದವರನ್ನು ಹುಡುಕಿಕೊಂಡು ಹೋಗಿ ಕೇಳುತ್ತಿದ್ದಳು: “ಇದು ಮೂರನೇ ತಿಂಗಳೋ, ನಾಲ್ಕನೇ ತಿಂಗಳೋ, ಇಲ್ಲಾ ಮುಕ್ಕಾಲೋ?”

ಅವಳ ಗಂಡ ಡ್ರೈವಿಂಗ್ ಕಲಿಸುವವನು. ದಿನವೆಲ್ಲ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಎದುರಿನ ಲಾರಿ ಮೈಮೇಲೆ ಬರುವಂತಿದ್ದರೂ ದನಿ ಏರಿಸದ ಮನುಷ್ಯ. “ನನ್ನ ಕಾಲಡಿ ಒಂದು ಬ್ರೇಕ್ ಇರುತ್ತೆ, ಅದಕ್ಕೇ ಸುಮ್ನೆ ಕೂತಿರ್ತೀನಿ,” ಎನ್ನುತ್ತಿದ್ದ. “ನಿನಗೆ ಅದನ್ನ ಹಾಕೋದೇ ಮರೆತುಬಿಟ್ಟಿದ್ದಾರೆ.”

ಎರಡು ವರ್ಷದ ಹಿಂದೆ ಘಟಕಕ್ಕೆ ವಿಕಿ ಬಂತು. ಪಂಪ್ ಮನೆಯ ಕಂಪ್ಯೂಟರಿನಲ್ಲಾಗಲಿ ಪ್ರಯೋಗಾಲಯದ್ದರಲ್ಲಾಗಲಿ ಯಾರು ಬೇಕಾದರೂ ಪುಟ ಬರೆಯಬಹುದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು; ಯಾವ ಯಂತ್ರ ಹೇಗೆ ನಡೆಯುತ್ತದೆ, ಯಾವುದು ಎಲ್ಲಿ ಕೈಕೊಡುತ್ತದೆ ಎಂಬುದೆಲ್ಲ ಒಂದೇ ಕಡೆ ಇರುತ್ತದೆ. ಹೇಳುವುದಕ್ಕೆ ಸುಲಭ. ಆರು ತಿಂಗಳಲ್ಲಿ ಅದರೊಳಗೆ ನೂರ ನಲವತ್ತು ಪುಟಗಳು ಸೇರಿದವು, ಒಂದಕ್ಕೊಂದು ಗುರುತೇ ಇಲ್ಲದ ಹಾಗೆ. ‘ಎಲ್ಲರೂ ಓದಿ’ ಎಂಬ ಹೆಸರಿನವೇ ಹನ್ನೊಂದಿದ್ದವು. ಅದರ ಮೇಲೆ ‘ಎಲ್ಲರೂ ಓದಿ ಹೊಸದು’, ‘ಎಲ್ಲರೂ ಓದಿ ಇದೇ ಕೊನೆ’, ಆಮೇಲೆ ‘ಎಲ್ಲರೂ ಓದಿ ಕೊನೆಯ ನಂತರದ್ದು’. ನಾಲ್ಕನೇ ಪಂಪಿಗೆ ಐದು ಪುಟ, ಐದು ಹೆಸರು: ‘ಪಂಪ್ 4’, ‘ಪಮ್ಪ್ ನಾಲ್ಕು’, ‘ನಾಲ್ಕನೇದು’, ‘ಮೂಲೆ ಪಂಪು’, ಮತ್ತು ಸದಾ ನೀರು ತೊಟ್ಟಿಕ್ಕುತ್ತಿದ್ದುದರಿಂದ ‘ಅಳುಬುರುಕಿ’. ಐದರಲ್ಲೂ ಐದು ಬಗೆಯ ಸಲಹೆ.

ಕೆಮಿಸ್ಟಮ್ಮನಿಗೆ ಇದನ್ನು ನೋಡಿ ಮೈಮೇಲೆ ಇರುವೆ ಹರಿದಂತಾಯಿತು. ಮೂರು ಸಭೆ ಕರೆದಳು. ಮೊದಲನೆಯದಕ್ಕೆ ಒಂಬತ್ತು ಜನ ಬಂದರು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಅವಳೊಬ್ಬಳೇ. ಆ ಸಭೆಯಲ್ಲಿ ಎಲ್ಲ ಸರ್ವಾನುಮತದಿಂದ ತೀರ್ಮಾನವಾಯಿತು. ಮೂವತ್ತೊಂದು ನಿಯಮಗಳು. ಒಂದು ವಸ್ತುವಿಗೆ ಒಂದೇ ಪುಟ, ಒಂದೇ ಹೆಸರು. ಅಂಕಿಗಳೆಲ್ಲ ಕನ್ನಡದಲ್ಲೇ ಇರಬೇಕು, ಇದು ನಾಲ್ಕನೆಯದು. ಪಂಪ್ ಮನೆಯ ಕೀಬೋರ್ಡಿನ ಮೇಲುಸಾಲಿಗೆ ಕನ್ನಡ ಅಂಕಿಯ ಚೀಟಿಗಳನ್ನು ಅವಳೇ ಕತ್ತರಿಸಿ ಅಂಟಿಸಿದಳು. ಒಂಬತ್ತನೆಯದು ಹೀಗಿತ್ತು: ‘ಪದದ ನಡುವೆ ಸೊನ್ನೆ ಬರುವಲ್ಲಿ ಸೊನ್ನೆಯನ್ನೇ ಹಾಕಬೇಕು. ಪಮ್ಪ್, ಟ್ಯಾನ್ಕ್ ಎಂದು ಬರೆಯಕೂಡದು.’ ಹನ್ನೆರಡನೆಯದು ಅಡ್ಡಹೆಸರುಗಳನ್ನು ನಿಷೇಧಿಸಿತು. ಅಳುಬುರುಕಿ ಅಂದೇ ಅಳಿಸಿಹೋದಳು. ಕೆಮಿಸ್ಟಮ್ಮನಿಗೆ ಮಾತ್ರ ಹಿಂದಿನಿಂದ ‘ನಿಯಮಮ್ಮ’ ಎಂಬ ಹೊಸ ಅಡ್ಡಹೆಸರು ಬಂತು.

ಈ ನಿಯಮಗಳನ್ನು ಪೂರ್ತಿ ಓದಿದವರು ಒಬ್ಬರೇ: ಪಂಪ್ ಮನೆಯ ಹಿರಿಯ ಆಪರೇಟರ್. ಮೂವತ್ತನಾಲ್ಕು ವರ್ಷದ ಸೇವೆ. ಇಡೀ ಘಟಕಕ್ಕೇ ಅವರು ಮಾವ. ವಿಕಿ ಬಂದ ಹೊಸದರಲ್ಲಿ “ವಿಕಿನಾ? ಯಾರ ಮಗ?” ಎಂದು ಕೇಳಿದ್ದ ಮಾವ, ಕೆಮಿಸ್ಟಮ್ಮನ ಕಾಟ ತಾಳಲಾರದೆ ಎರಡೇ ಬೆರಳಿನಲ್ಲಿ ಟೈಪ್ ಮಾಡುವುದನ್ನು ಕಲಿತರು. ಕಲಿತ ಮೇಲೆ ಬಿಡಲಿಲ್ಲ. ದಿನಕ್ಕೆ ಹತ್ತು ಸಾಲಿನಂತೆ, ಒಂದೊಂದು ಅಕ್ಷರ ಒತ್ತಿದಾಗಲೂ ತಲೆಯೆತ್ತಿ ಪರದೆ ನೋಡಿ, ಅರವತ್ತನಾಲ್ಕು ಪುಟ ಬರೆದರು. ಮೂವತ್ತನಾಲ್ಕು ವರ್ಷ ಕೈಯಲ್ಲೂ ಕಿವಿಯಲ್ಲೂ ಇದ್ದದ್ದು ಆ ಪುಟಗಳಿಗೆ ಇಳಿಯಿತು. ನಾಲ್ಕನೇ ಪಂಪಿನ ಪುಟದಲ್ಲಿ ಅವರು ಬರೆದಿದ್ದರು:

‘ಗಾಳಿ ನಲ್ಲಿಯ ಹಿಡಿ ಉಲ್ಟಾ ಕೂತಿದೆ. ಅಡ್ಡ ಇದ್ದರೆ ತೆರೆದಿದೆ, ನೆಟ್ಟಗಿದ್ದರೆ ಮುಚ್ಚಿದೆ. ಬೇರೆ ಪಂಪುಗಳ ಹಾಗಲ್ಲ. ಗಾಳಿ ಪೂರ್ತಿ ಹೋಗಿ ನೀರು ಬಂದ ಮೇಲೆಯೇ ಮೋಟಾರು ಹಾಕುವುದು. ಬುಡದಲ್ಲಿ ನಿಮಿಷಕ್ಕೆ ೫೦ ಹನಿ ತೊಟ್ಟಿಕ್ಕಬೇಕು. ನಿಲ್ಲಿಸಲು ಹೋಗಿ ಬಿಗಿ ಮಾಡಬೇಡಿ, ಒಳಗೆ ಸುಡುತ್ತದೆ.’

ಇದನ್ನು ಮೊದಲು ಓದಿದ ದಿನ ಕೆಮಿಸ್ಟಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ, ಪೂರ್ತಿ ಎರಡು ನಿಮಿಷ ಕುರ್ಚಿಯಲ್ಲಿ ಕೂತಳು.

ಈಗ ಮಾವನ ನಿವೃತ್ತಿಗೆ ನಾಲ್ಕು ದಿನ ಉಳಿದಿತ್ತು. ಶುಕ್ರವಾರ ಕೊನೆ. ಹೊಸದಾಗಿ ಬಂದಿದ್ದ ಎಂಜಿನಿಯರಿಗೆ ವಿಕಿಯಲ್ಲಿ ನಂಬಿಕೆ ಇರಲಿಲ್ಲ. ಮುಖ್ಯ ಕಚೇರಿಯಿಂದ ಅಚ್ಚಾದ ಕೈಪಿಡಿ ಬರುತ್ತದೆ, ಅದನ್ನೇ ಅನುಸರಿಸೋಣ, ಈ ವಿಕಿ ಮುಚ್ಚಿಬಿಡೋಣ ಎನ್ನುವುದು ಅವರ ಯೋಚನೆ. ಆ ಕೈಪಿಡಿ ಬೇರೆ ಕಂಪನಿಯ ಪಂಪಿನದು. ಉಲ್ಟಾ ಹಿಡಿಯ ಸುದ್ದಿ ಅದರಲ್ಲಿ ಇರುವ ಸಾಧ್ಯತೆಯೇ ಇರಲಿಲ್ಲ. ಕೆಮಿಸ್ಟಮ್ಮ ಮೂರು ಸಲ ಅವರ ಕೋಣೆಗೆ ಹೋಗಿ ಬಂದಳು. ಕೊನೆಗೆ ಅವರು ಒಂದು ಪರೀಕ್ಷೆ ಇಟ್ಟರು.

“ಮಂಗಳವಾರ ಮಾವನಿಗೆ ರಜ ಕೊಡಿ, ಫೋನ್ ಆಫ್ ಮಾಡಿಡೋಕೆ ಹೇಳಿ. ಹೊಸ ಆಪರೇಟರ್ ನಾಲ್ಕನೇ ಪಂಪ್ ನಿಲ್ಲಿಸಿ, ಮತ್ತೆ ಶುರು ಮಾಡಲಿ, ನಿಮ್ಮ ವಿಕಿ ಒಂದನ್ನೇ ನೋಡಿಕೊಂಡು. ಆಯ್ತು ಅಂದ್ರೆ ವಿಕಿ ಇರುತ್ತೆ. ನೀವು ಬಾಯಿ ಬಿಡೋ ಹಾಗಿಲ್ಲ ಮೇಡಂ.”

“ಸನ್ನೆ?”

“ಸನ್ನೆನೂ ಇಲ್ಲ.”

ಹೊಸ ಆಪರೇಟರ್ ಮೂವತ್ತೈದರ ಹೆಂಗಸು. ಹಾಲಿನ ಡೇರಿಯ ಬಾಯ್ಲರ್ ವಿಭಾಗದಿಂದ ಬಂದು ಮೂರು ವಾರವಾಗಿತ್ತು. ಕೈ ಚುರುಕು, ಮಾತು ಅದಕ್ಕಿಂತ ಚುರುಕು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅವಳು ಪಂಪನ್ನು ನಿಲ್ಲಿಸಿದಳು, ಅದೇನೂ ಕಷ್ಟವಿರಲಿಲ್ಲ. ಶುರು ಮಾಡುವ ವಿಧಾನಕ್ಕಾಗಿ ಕಂಪ್ಯೂಟರಿನ ಮುಂದೆ ಕೂತು, ಹುಡುಕುವ ಚೌಕದಲ್ಲಿ ‘ಪಂಪ್ ೪’ ಎಂದು ಟೈಪ್ ಮಾಡಿದಳು.

‘ಈ ಹೆಸರಿನ ಪುಟ ಇಲ್ಲ’ ಎಂದಿತು ಪರದೆ.

ಹಿಂದೆ ನಿಂತಿದ್ದ ಕೆಮಿಸ್ಟಮ್ಮನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ನಿನ್ನೆ ಸಂಜೆ ಆ ಪುಟವನ್ನು ತೆರೆದು ಓದಿದ್ದಳು! ಹೊಸ ಆಪರೇಟರ್ ಬರೀ ‘ಪಂಪ್’ ಎಂದು ಹುಡುಕಿದಳು. ಒಂದು, ಎರಡು, ಮೂರು ಸಿಕ್ಕವು; ನಾಲ್ಕಿಲ್ಲ. ‘ನಾಲ್ಕನೇ ಪಂಪ್’. ಇಲ್ಲ. ‘ಮೂಲೆ ಪಂಪು’. ಇಲ್ಲ, ಅದನ್ನು ಹನ್ನೆರಡನೇ ನಿಯಮ ನುಂಗಿತ್ತು. ಕೆಮಿಸ್ಟಮ್ಮ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು, ಬಿಟ್ಟಳು, ಮತ್ತೆ ಕಟ್ಟಿಕೊಂಡಳು. ಎಂಜಿನಿಯರ್ ಗಡಿಯಾರ ನೋಡುತ್ತಿದ್ದರು.

“ನಾಲ್ಕಕ್ಕೂ ಮೂರಕ್ಕೂ ಏನು ಮಹಾ ವ್ಯತ್ಯಾಸ ಇರುತ್ತೆ,” ಎಂದುಕೊಳ್ಳುತ್ತ ಹೊಸ ಆಪರೇಟರ್ ಮೂರನೇ ಪಂಪಿನ ಪುಟವನ್ನೇ ಓದಿಕೊಂಡು ಎದ್ದಳು. ಅದರಂತೆ ಗಾಳಿ ನಲ್ಲಿ ತೆರೆದಿರಲು ಹಿಡಿ ನೆಟ್ಟಗಿರಬೇಕಿತ್ತು; ನೆಟ್ಟಗೇ ಇತ್ತು, ಮುಟ್ಟಲಿಲ್ಲ. ಬೇರೆ ಪಂಪಿನಲ್ಲಾಗಿದ್ದರೆ ಅದು ತೆರೆದಿರುತ್ತಿತ್ತು; ಇದರಲ್ಲಿ ಮುಚ್ಚಿತ್ತು. ನಲ್ಲಿಯಿಂದ ಸದ್ದಿಲ್ಲದ್ದನ್ನು ಕಂಡು, ಒಳಗೆ ಗಾಳಿಯೇ ಇಲ್ಲವೆಂದುಕೊಂಡು ಮೋಟಾರು ಹಾಕಿದಳು. ಒಳಗೆ ಸಿಕ್ಕಿಕೊಂಡಿದ್ದ ಗಾಳಿಯ ಜೊತೆ ಪಂಪು ಕಲ್ಲು ಅಗಿದಂತೆ ಸದ್ದು ಮಾಡಿತು. ಒತ್ತಡದ ಮುಳ್ಳು ಅಲುಗಾಡಲಿಲ್ಲ. ಕೆಮಿಸ್ಟಮ್ಮ ತುಟಿ ಕಚ್ಚಿಕೊಂಡಳು. ಹೊಸ ಆಪರೇಟರ್ ಐದೆಣಿಸುವಷ್ಟರಲ್ಲಿ ಸ್ವಿಚ್ಚು ಆರಿಸಿದಳು.

“ಇದೇನೋ ಸರಿಯಿಲ್ಲ ಸರ್. ನಾನು ಮುಂದೆ ಹೋಗಲ್ಲ.”

“ಸರಿ ಮಾಡಿದ್ರಿ,” ಎಂದರು ಎಂಜಿನಿಯರ್. ಆಮೇಲೆ ಕೆಮಿಸ್ಟಮ್ಮನ ಕಡೆ ತಿರುಗಿ, “ಪುಟ ಇಲ್ಲ.”

“ಇದೆ ಸರ್! ನಾನೇ ನಿನ್ನೆ ನೋಡಿದ್ದೀನಿ.”

“ನಿಮಗೆ ಕಂಡ್ರೆ ಏನು ಬಂತು ಮೇಡಂ? ಬೇಕಾದೋರಿಗೆ ಸಿಗಬೇಕು. ಶುಕ್ರವಾರ ಇನ್ನೊಂದು ಸಲ ನೋಡೋಣ. ಆಗಲೂ ಹೀಗೇ ಆದ್ರೆ ಸೋಮವಾರದಿಂದ ಕೈಪಿಡಿ.”

ಅವಳು ಪ್ರಯೋಗಾಲಯಕ್ಕೆ ಬಂದು ಪುಟಗಳ ಪಟ್ಟಿ ತೆರೆದಳು. ಎರಡು ವರ್ಷದಲ್ಲಿ ತಾನು ಒಮ್ಮೆಯೂ ಏನನ್ನೂ ಹುಡುಕಿರಲಿಲ್ಲ ಎನ್ನುವುದು ಆಗ ಹೊಳೆಯಿತು. ಪ್ರತಿದಿನ ಬೆಳಿಗ್ಗೆ ‘ಹೊಸ ಬದಲಾವಣೆಗಳು’ ಎಂಬಲ್ಲಿ ಒತ್ತಿ, ಅಲ್ಲಿಂದಲೇ ಪುಟಗಳಿಗೆ ಹೋಗುತ್ತಿದ್ದಳು. ಎಲ್ಲಿ ಏನಿದೆ ಎಂದು ಗೊತ್ತಿದ್ದವರು ಯಾಕೆ ಹುಡುಕುತ್ತಾರೆ?

ಪಟ್ಟಿ ಅಕಾರಾದಿಯಲ್ಲಿತ್ತು. ‘ಪ’ ಶುರುವಾಗುವಲ್ಲಿ ಪಂಪ್ ೧, ಪಂಪ್ ೨, ಪಂಪ್ ೩. ಅವು ಇನ್ನೊಂದು ಪಾಳಿಯವರು ಬರೆದವು. ನಂತರ ಪಟ್ಟಿ ಪೈಪಿಗೆ ಹೋಯಿತು, ಪ್ರೆಶರ್ ಮಾಪಕಕ್ಕೆ ಹೋಯಿತು. ಪ್ರೆಶರ್ ಮಾಪಕದ ಕೆಳಗೆ, ‘ಪ’ ಮುಗಿಯುವ ತುದಿಯಲ್ಲಿ, ‘ಪ೦ಪ್ ೪’ ತಣ್ಣಗೆ ಕೂತಿತ್ತು. ಅದರ ಕೆಳಗೆ ‘ಪ೦ಪ್ ೫’.

ಅವಳು ಎದ್ದು ಕಿಟಕಿಯವರೆಗೆ ಹೋಗಿ ಬಂದಳು. ‘ಪ್ರ’ ಆದ ಮೇಲೆ ‘ಪಂ’ ಬರುವ ಅಕಾರಾದಿ ಯಾವ ಲೋಕದ್ದು? ಕಣ್ಣಿಗೆ ಎರಡೂ ಒಂದೇ. ಗಾತ್ರ ಹಿಗ್ಗಿಸಿ ನೋಡಿದಳು. ಕೊಂಚ ದುಂಡಗೆ ಕಂಡಿತು, ಅಷ್ಟೇ. ಶೀರ್ಷಿಕೆಯ ಒಳಗೆ ಕರ್ಸರ್ ಇಟ್ಟು ಒಂದೊಂದೇ ಹೆಜ್ಜೆ ಸರಿಸಿದಳು. ಮೂರನೇ ಪಂಪಿನಲ್ಲಿ ಅದು ‘ಪಂ’ ಅನ್ನು ಒಂದೇ ನೆಗೆತಕ್ಕೆ ದಾಟಿತು. ನಾಲ್ಕರಲ್ಲಿ ‘ಪ’ ಆದ ಮೇಲೆ ನಿಂತಿತು, ಆಮೇಲೆ ಸೊನ್ನೆಯನ್ನು ದಾಟಿತು. ನಿಲ್ಲಬಾರದಿತ್ತು. ಅಲ್ಲಿದ್ದದ್ದು ಅಕ್ಷರದ ಸೊನ್ನೆಯಲ್ಲ. ಒಂದರ ಹಿಂದೆ ಬರುವ, ಹತ್ತರ ಕೊನೆಯಲ್ಲಿ ಬರುವ ಸೊನ್ನೆ.

ಮಾವನ ಅರವತ್ತನಾಲ್ಕು ಪುಟದಲ್ಲೂ ಅದೇ. ಬ೦ದ್, ಟ್ಯಾ೦ಕ್, ಎ೦ಟು. ಕಣ್ಣಿಗೆ ನೆಟ್ಟಗೆ, ಕಂಪ್ಯೂಟರಿಗೆ ಅರ್ಥವಾಗದ ಗುಂಪು.

ಮನೆಯಲ್ಲಿ ಗಂಡ ಎರಡು ಸಲ “ಊಟ” ಎಂದ. ಅವಳು ತಟ್ಟೆ ಹಿಡಿದುಕೊಂಡೇ ಅಡುಗೆಮನೆಗೂ ಹಜಾರಕ್ಕೂ ಓಡಾಡಿದಳು. “ಬೆಳಿಗ್ಗೆವರೆಗೂ ನಡೆದ್ರೆ ಹೇಗೂ ಘಟಕ ತಲುಪ್ತೀಯ,” ಎಂದ ಅವನು.

ಬುಧವಾರ ಬೆಳಿಗ್ಗೆ ಮಾವ ಪಾಳಿಗೆ ಬಂದು ಅಂಗಿಯ ತೋಳು ಮಡಿಸುವಷ್ಟರಲ್ಲಿ ಅವಳು ಎದುರಿಗಿದ್ದಳು.

“ಮಾವ, ಪಂಪ್ ಅಂತ ಟೈಪ್ ಮಾಡಿ.”

“ಏನಮ್ಮಾ ಕೆಮಿಸ್ಟಮ್ಮ, ಬಂದ ತಕ್ಷಣ ಪರೀಕ್ಷೆ? ನಿನ್ನೆ ಪರೀಕ್ಷೆ ಬರೆದೋಳು ಅವಳು, ಫೇಲ್ ಆಗಿದ್ದು ನಾನಾ?”

“ಟೈಪ್ ಮಾಡಿ ಮಾವ.”

ಮಾವ ಕನ್ನಡಕ ಹಾಕಿಕೊಂಡು ‘ಪ’ ಒತ್ತಿದರು. ತಲೆಯೆತ್ತಿ ನೋಡಿದರು. ಬೆರಳು ಮೇಲುಸಾಲಿನ ಬಲತುದಿಗೆ ಹೋಯಿತು. ಅವಳೇ ಅಂಟಿಸಿದ್ದ ‘೦’ ಚೀಟಿಯ ಮೇಲೆ ಇಳಿಯಿತು.

“ಅದು ಅಂಕಿ!”

“ಸೊನ್ನೆ ಅಲ್ವಾ?”

“ಅಂಕಿ ಸೊನ್ನೆ ಮಾವ. ಅಕ್ಷರದ ಸೊನ್ನೆ ಬೇರೆ ಇದೆ. ಶಿಫ್ಟ್ ಹಿಡಿದು ಮ ಒತ್ತಬೇಕು.”

ಮಾವ ಕನ್ನಡಕ ತೆಗೆದರು. “ನೋಡಮ್ಮ, ಮೊದಲು ನಾನು ಪಮ್ಪ್ ಅಂತ ಬರೀತಿದ್ದೆ. ಮ ಒತ್ತಿ ಬರೀತಿದ್ದೆ. ನೀನೇ ಬಂದು, ಮ ಕೂಡದು, ಸೊನ್ನೆಯನ್ನೇ ಹಾಕಬೇಕು ಅಂದೆ. ಬೇರೆ ಸೊನ್ನೆ ಇದೆ ಅಂತ ಅದರಲ್ಲಿ ಎಲ್ಲಿತ್ತು? ಸೊನ್ನೆ ಬೇಕಾದ್ರೆ ಮ ಒತ್ತು ಅಂತ ಈಗ ಹೇಳ್ತೀಯಲ್ಲ, ನಗಬೇಕೋ ಅಳಬೇಕೋ?”

ಎರಡು ಸೊನ್ನೆಗೂ ಮಾವನ ಬಾಯಲ್ಲಿದ್ದದ್ದು ಒಂದೇ ಪದ. ಕೆಮಿಸ್ಟಮ್ಮನ ಬಾಯಲ್ಲೂ ಅದೇ. ಪದ ಒಂದೇ ಇರುವಾಗ ವಸ್ತು ಎರಡಿರಬಹುದು ಎಂಬ ಅನುಮಾನ, ಮೂವತ್ತೊಂದು ನಿಯಮ ಬರೆದವಳಿಗೆ ಬಂದಿರಲಿಲ್ಲ. ಅದಕ್ಕೆ ಮಾವನನ್ನು ದೂರುವುದು ಹೇಗೆ?

ಅಷ್ಟರಲ್ಲಿ ಎಂಜಿನಿಯರ್ ಬಾಗಿಲಲ್ಲಿ ನಿಂತಿದ್ದರು. ಮಾತು ಕಿವಿಗೆ ಬಿದ್ದಿತ್ತು.

“ಓಹೋ. ಮಾವನ ಕೈಚಳಕನಾ ಇದು? ರಿಟೈರ್ ಆಗೋ ಹೊತ್ತಲ್ಲಿ ಅವರಿಂದ ಟೈಪಿಂಗ್ ಯಾಕೆ ಮಾಡಿಸಿದ್ರಿ ಮೇಡಂ? ಹೀಗೆ ಆಗುತ್ತೆ ಅಂತಾನೇ ನಾನು ಹೇಳಿದ್ದು.”

ಮಾವ ಮಡಿಸಿದ ತೋಳನ್ನು ಬಿಚ್ಚಿ, ಮತ್ತೆ ಮಡಿಸಿದರು. ಆ ಬೆರಳುಗಳು ಎರಡು ವರ್ಷ ದಿನಕ್ಕೆ ಹತ್ತು ಸಾಲು ಒತ್ತಿದ್ದನ್ನು ಕೆಮಿಸ್ಟಮ್ಮ ಕಂಡಿದ್ದಳು.

“ಸರ್, ಒಂಬತ್ತನೇ ನಿಯಮ ಬರೆದೋಳು ನಾನು,” ಎಂದಳು. “ಕೀ ಮೇಲೆ ಸೊನ್ನೆ ಚೀಟಿ ಅಂಟಿಸಿದೋಳೂ ನಾನೇ. ಇವರು ನಾನು ಹೇಳಿದ್ದನ್ನ ಹೇಳಿದ ಹಾಗೇ ಮಾಡಿದ್ದಾರೆ. ಈ ಘಟಕದಲ್ಲಿ ನನ್ನ ನಿಯಮ ಪಾಲಿಸಿದೋರು ಇವರೊಬ್ಬರೇ, ಅದಕ್ಕೇ ಇವರ ಪುಟ ಮಾತ್ರ ಕಳೆದುಹೋಗಿದೆ. ತಪ್ಪು ಬರೆದುಕೊಳ್ಳೋದಾದ್ರೆ ನನ್ನ ಹೆಸರಲ್ಲಿ ಬರೆದುಕೊಳ್ಳಿ.”

ಎಂಜಿನಿಯರ್ ಅವಳನ್ನೂ ಮಾವನನ್ನೂ ನೋಡಿದರು. “ಶುಕ್ರವಾರ,” ಎಂದಷ್ಟೇ ಹೇಳಿ ಹೋದರು.

“ಯಾಕೆ ಬಾಯಿ ಹಾಕಿದೆ?” ಎಂದರು ಮಾವ. “ನನಗೇನು, ಇನ್ನು ಮೂರು ದಿನ. ನೀನು ಇವರ ಜೊತೆ ಏಗಬೇಕು.”

“ನಿಮಗೆ ಮೂರು ದಿನ ಇದೆಯಲ್ಲ, ಕೂತ್ಕೊಳ್ಳಿ. ಕೆಲಸ ಇದೆ.”

ಒಂದೇ ಏಟಿಗೆ ಎಲ್ಲ ಸೊನ್ನೆಯನ್ನೂ ಬದಲಿಸುವ ಹಾಗಿರಲಿಲ್ಲ. ಹಾಗೆ ಮಾಡಿದರೆ ‘೫೦ ಹನಿ’ಯ ಸೊನ್ನೆಯೂ ಅಕ್ಷರವಾಗಿಬಿಡುತ್ತಿತ್ತು. ಒಂದೊಂದೇ ನೋಡಿ ಬದಲಿಸಬೇಕು. ಹೊಸ ಆಪರೇಟರ್ ಊಟದ ಬಿಡುವಿನಲ್ಲಿ ಬಂದು ಹದಿನೇಳು ಪುಟ ಮಾಡಿಕೊಟ್ಟಳು. “ಹುಡುಕಿ ಸಿಗದೆ ಇದ್ದದ್ದು ನನಗೆ ತಾನೇ,” ಎಂದಳು. ಹನ್ನೆರಡನೇ ನಿಯಮವನ್ನು ಕೆಮಿಸ್ಟಮ್ಮ ತಾನೇ ಹೊಡೆದುಹಾಕಿದಳು. ‘ಮೂಲೆ ಪಂಪು’ ಎಂದರೂ ‘ಪಮ್ಪ್ ನಾಲ್ಕು’ ಎಂದರೂ, ಅಷ್ಟೇ ಏಕೆ, ‘ಅಳುಬುರುಕಿ’ ಎಂದರೂ ಅದೇ ಪುಟ ತೆರೆಯುವಂತೆ ಮಾಡಿದಳು. ಹೆಸರು ಇಡುವವರು ಬೇರೆ, ಹುಡುಕುವವರು ಬೇರೆ. ಹುಡುಕುವವರ ಬಾಯಲ್ಲಿ ಯಾವುದಿದೆಯೋ ಅದಕ್ಕೂ ಬಾಗಿಲು ಬೇಕು.

ಆದರೆ ಅವಳ ನೆಮ್ಮದಿ ಹಾರಿಹೋಗಿದ್ದು ಬೇರೊಂದು ಯೋಚನೆಯಿಂದ. ಒಂಬತ್ತನೆಯದು ಹೀಗಾಗಿದ್ದರೆ, ಉಳಿದ ಮೂವತ್ತು? ಗುರುವಾರ ಅವಳು ನಿಯಮಗಳ ಪಟ್ಟಿ ಹಿಡಿದು ಮಾವನ ಮುಂದೆ ನಿಂತಳು. ಅವಳು ಓದುವುದು, ಮಾವ ತಮಗೆ ಅರ್ಥವಾದದ್ದು ಹೇಳುವುದು. ಆರನೆಯದು, ‘ಅಂಕಿಗೂ ಅಳತೆಗೂ ನಡುವೆ ಜಾಗ ಬಿಡಬೇಕು’. ಅವಳ ಮನಸ್ಸಿನಲ್ಲಿದ್ದದ್ದು ಒಂದಕ್ಷರದಷ್ಟು ಜಾಗ; ಮಾವ ಅರ್ಧ ಸಾಲು ಖಾಲಿ ಬಿಡುತ್ತಿದ್ದರಂತೆ, ಮುಂದೆ ಯಾರಾದರೂ ಅಳೆದು ತುಂಬಲಿ ಎಂದು.

“ಇಪ್ಪತ್ತೆರಡು. ತಿದ್ದಿದ ಪುಟಕ್ಕೆ ತಪ್ಪದೆ ಸಹಿ ಹಾಕಬೇಕು.”

“ಇದು ಮಾತ್ರ ಚಾಚೂ ತಪ್ಪಿಲ್ಲ,” ಎಂದ ಮಾವ ಮೇಜಿನ ಕೆಳಗಿನ ಖಾನೆ ಎಳೆದರು. ಅದರ ತುಂಬ ಕಾಗದ. ಪುಟ ತಿದ್ದಿದಾಗಲೆಲ್ಲ ಅಚ್ಚು ಹಾಕಿ, ಪೆನ್ನಿನಲ್ಲಿ ಸಹಿ ಮಾಡಿ, ದಿನಾಂಕ ಹಾಕಿ ಜೋಡಿಸಿಟ್ಟಿದ್ದರು.

“ಮಾವಾ! ಕೊನೆಯಲ್ಲಿ ಹೆಸರು ಟೈಪ್ ಮಾಡಿ ಅಂತ ಅದರರ್ಥ!”

“ಹಾಗಂತ ಬರಿ ಮತ್ತೆ. ಸಹಿ ಅಂತ ಬರೆದ್ರೆ ಸಹಿನೇ ಹಾಕೋದು.”

ಅವಳು ಬರೆದಳು. ಓದಿದಳು. ಅದರಲ್ಲೂ ಇನ್ನೊಂದು ಅರ್ಥ ಹೊರಟಿತು. ಮತ್ತೆ ಬರೆದಳು.

ಶುಕ್ರವಾರ ಹತ್ತಕ್ಕೆ ಹೊಸ ಆಪರೇಟರ್ ಪಂಪ್ ನಿಲ್ಲಿಸಿದಳು. ಮಾವನನ್ನು ಪ್ರಯೋಗಾಲಯದಲ್ಲಿ ಕೂರಿಸಿ ಬಾಗಿಲು ಹಾಕಿದ್ದರು. ಕೆಮಿಸ್ಟಮ್ಮ ಕೈಕಟ್ಟಿ ನಿಂತಿದ್ದಳು, ಉಸಿರನ್ನೂ ಕಟ್ಟಿದಂತೆ. ಎಂಜಿನಿಯರ್ ಹೊಸ ಆಪರೇಟರಿಗೆ, “ನಿಮಗೆ ತೋಚಿದ ಹಾಗೆ ಹುಡುಕಿ,” ಎಂದರು. ಅವಳು ಒಂದು ಕ್ಷಣ ಯೋಚಿಸಿ, ತುಂಟತನಕ್ಕೆಂಬಂತೆ ‘ಮೂಲೆ ಪಂಪು’ ಎಂದು ಟೈಪ್ ಮಾಡಿದಳು. ಪುಟ ತೆರೆಯಿತು. ಬೆರಳಿಟ್ಟುಕೊಂಡು ಓದಿದಳು. ಎದ್ದು ಹೋಗಿ ಗಾಳಿ ನಲ್ಲಿಯ ಹಿಡಿಯನ್ನು ಅಡ್ಡಕ್ಕೆ ತಿರುಗಿಸಿದಳು. ಬುಸ್ಸೆಂದು ಗಾಳಿ ಹೊರಟಿತು, ಆಮೇಲೆ ಉಗುಳಿದಂತೆ ನೀರು, ಆಮೇಲೆ ಸಣ್ಣ ಧಾರೆ. ಮುಚ್ಚಿದಳು. ಮೋಟಾರು ಹಾಕಿದಳು. ಒತ್ತಡದ ಮುಳ್ಳು ಏರಿ ನಿಂತಿತು. ಬುಡದಲ್ಲಿ ಬೀಳುತ್ತಿದ್ದ ಹನಿಗಳನ್ನು ಅವಳು ಬಗ್ಗಿ ಪೂರ್ತಿ ಒಂದು ನಿಮಿಷ ಎಣಿಸಿದಳು. “ನಲವತ್ತೆಂಟು ಸರ್.”

“ಐವತ್ತು ಅಂತ ಬರೆದಿದೆ,” ಎಂದರು ಎಂಜಿನಿಯರ್.

ಹೊಸ ಆಪರೇಟರ್ ಸೊಂಟದ ಮೇಲೆ ಕೈಯಿಟ್ಟಳು. “ಇನ್ನೆರಡು ಹನಿ ನಾನು ಅತ್ತುಕೊಡಲಾ ಸರ್?”

ಎಂಜಿನಿಯರ್ ನಕ್ಕದ್ದನ್ನು ಘಟಕದವರು ಅಂದೇ ಮೊದಲು ಕಂಡದ್ದು. “ಇರಲಿ ಬಿಡಿ,” ಎಂದರು. “ವಿಕಿ ಇರಲಿ. ಕೈಪಿಡಿ ಬಂದ್ರೆ ನನ್ನ ಬೀರುವಿನಲ್ಲಿ ಇಡ್ತೀನಿ.”

ಸುದ್ದಿ ಕೇಳಿ ಮಾವ ತಲೆಯಾಡಿಸಿದರು, ಅಷ್ಟೇ. ಸಂಜೆ ಐದಕ್ಕೆ ಚೀಲ ಹೆಗಲಿಗೇರಿಸಿ ಗೇಟಿನ ಕಡೆ ಹೊರಟಾಗ ಕೆಮಿಸ್ಟಮ್ಮ ಕಾಗದ ಹಿಡಿದು ಪಕ್ಕಕ್ಕೆ ಬಂದಳು.

“ಮಾವ, ಇನ್ನೂ ಐದು ಉಳಿದಿದೆ.”

“ಅಮ್ಮಾ ತಾಯಿ, ನಾನು ರಿಟೈರ್ ಆಗಿ ಹತ್ತು ನಿಮಿಷ ಆಯ್ತು.”

“ನಡೀತಾ ಹೇಳಿ ಸಾಕು. ಇಪ್ಪತ್ತೇಳು...”

ಬಸ್ಸು ನಿಲ್ಲುವ ಜಾಗದವರೆಗೆ ಎರಡು ನಿಯಮ ಆಯಿತು. ಬಸ್ಸು ಬಂತು. ಮಾವ ಹತ್ತಿದರು, ಇಪ್ಪತ್ತೊಂಬತ್ತನೆಯದನ್ನು ಓದುತ್ತ ಅವಳೂ ಹತ್ತಿದಳು. ಅವಳ ಮನೆ ಇರುವುದು ಎದುರು ದಿಕ್ಕಿನಲ್ಲಿ. ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತೇ ಓದಿದಳು: “ಮೂವತ್ತು. ಅನುಮಾನ ಬಂದರೆ ಕೇಳಿ ಬರೆಯಬೇಕು.”

“ಯಾರನ್ನ?”

ಅವಳು ಕಾಗದದಿಂದ ತಲೆಯೆತ್ತಿದಳು.

“ಯಾರನ್ನ ಕೇಳೋದು ಅಂತ ಬರೆದಿಲ್ವಲ್ಲ,” ಎಂದರು ಮಾವ.

ಬರೆಯುವ ಅಗತ್ಯ ಇಷ್ಟು ದಿನ ಯಾರಿಗೂ ಕಂಡಿರಲಿಲ್ಲ. ಅನುಮಾನ ಬಂದವರೆಲ್ಲ ಪಂಪ್ ಮನೆಗೆ ಹೋಗಿ ಇವರನ್ನೇ ಕೇಳುತ್ತಿದ್ದರು. ಅವಳು ಪೆನ್ನಿನ ಮುಚ್ಚಳ ತೆಗೆದಳು.

“ನನ್ನ ನಂಬರ್ ಬೇಕಾದ್ರೆ ಹಾಕು,” ಎಂದರು ಮಾವ, ಕಿಟಕಿಯಾಚೆ ನೋಡುತ್ತ. “ಆದ್ರೆ ಮಧ್ಯಾಹ್ನ ಮಾಡಬೇಡಿ, ಮಲಗಿರ್ತೀನಿ.”

“ಮಧ್ಯಾಹ್ನ ಅಂದ್ರೆ,” ಎಂದಳು ಕೆಮಿಸ್ಟಮ್ಮ, ಕಾಗದವನ್ನು ಸೀಟಿನ ಬೆನ್ನಿಗೆ ಒತ್ತಿ ಹಿಡಿದು, “ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ?”